ಪಿಕ್ ಅಪ್: ಬ್ರಿಟನ್ನಿನ ಲೆಸ್ಟರಿನಲ್ಲಿರುವ ತಂಗಿಗೆ

ಪ್ರೀತಿಯ ತಂಗಿ,

ನಿಮ್ಮ ಮಗನ ಬಗ್ಗೆ ಅವನ ಟೀಚರು ‘ಹೀ ಪಿಕ್ಸ್ ಥಿಂಗ್ಸ್ ಅಪ್ ಕ್ವಿಕ್ಲಿ’ ಎಂದದ್ದು ದೂರಲ್ಲ, ಹೊಗಳಿಕೆ. ಅವನು ಬೇರೆ ಮಕ್ಕಳ ವಸ್ತುಗಳನ್ನು ಎತ್ತಿಕೊಳ್ಳುತ್ತಾನೆಂದು ತಿಳಿದು ನೀವು ಎರಡು ರಾತ್ರಿ ನಿದ್ದೆಗೆಟ್ಟದ್ದನ್ನು ನಿಮ್ಮ ಪತ್ರದಲ್ಲಿ ಓದಿ ನನಗೆ ಸಂಕಟವಾಯಿತು. ಹೇಳಿಕೊಟ್ಟದ್ದನ್ನು ಮಾತ್ರವಲ್ಲ, ಹೇಳಿಕೊಡದೆ ಇದ್ದದ್ದನ್ನೂ ಹುಡುಗ ಬೇಗ ಕಲಿತುಬಿಡುತ್ತಾನೆ ಎಂಬುದೇ ಆ ಮಾತಿನ ಅರ್ಥ. ನೀರ್ಚಾಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಪದವಿಯನ್ನೂ ಮುಗಿಸಿ ಹೋದ ನಿಮಗೆ ಅಲ್ಲಿಯವರ ಇಂತಹ ಸಣ್ಣ ಮಾತುಗಳು ಯಾಕೆ ತಿಳಿಯುವುದಿಲ್ಲ ಎಂದು ಕೇಳಿದ್ದೀರಿ. ನಾವು ಓದಿದ ಪುಸ್ತಕದ ಇಂಗ್ಲಿಷಿಗೂ ಅವರ ಮನೆಮಾತಿಗೂ ಇರುವ ಅಂತರವೇ ಅದಕ್ಕೆ ಕಾರಣ. ಅಂಗಡಿಯ ಫಲಕದಲ್ಲಿ ‘ಕಲೆಕ್ಟ್’ ಎಂದು ಬರೆದಿರುತ್ತದೆ, ಅದರ ಕೆಳಗೆ ನಿಂತ ಹುಡುಗಿ ‘ಪಿಕ್ ಅಪ್’ ಎನ್ನುತ್ತಾಳೆ.

ನಾನೀಗ ರಜೆಯಲ್ಲಿ ಪೆರ್ಲಕ್ಕೆ ಬಂದಿದ್ದೇನೆ. ಅಂಗಳದ ಬದಿಯಲ್ಲಿ ಪಿಕಪ್ ನಿಂತಿದೆ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಹೋಗಬೇಕಾದ ಅಡಿಕೆ ಚೀಲಗಳನ್ನು ತಮ್ಮನೂ ಡ್ರೈವರೂ ಸೇರಿ ಹೇರುತ್ತಿದ್ದಾರೆ. ನಮ್ಮೂರಿನಲ್ಲಿ ‘ಪಿಕಪ್’ ಎಂದರೆ ಈ ಗಾಡಿ. ಬ್ರಿಟನ್ನಿನವರು ಗಾಡಿಯ ಹೆಸರನ್ನು ಹೇಳುವಾಗ ‘ಪಿಕ್’ನ ಮೇಲೆ ಒತ್ತು ಕೊಡುತ್ತಾರೆ, ಕೆಲಸವನ್ನು ಹೇಳುವಾಗ ಒತ್ತು ‘ಅಪ್’ನ ಮೇಲೆ ಬೀಳುತ್ತದೆ. ಕಿವಿಗೊಟ್ಟು ಕೇಳಿದರೆ ಒಂದು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಕಾಸರಗೋಡಿನವರಾದ ನಮಗೆ, ಒಂದೇ ಮಾತು ಹಲವು ಅರ್ಥ ಕೊಡುವ ಈ ಕ್ರಿಯಾಪದದ ಸ್ವಭಾವ ಹೊಸದೇನೂ ಅಲ್ಲ. ‘ಎತ್ತು, ತೆಗೆದುಕೊ’ ಎಂಬರ್ಥದ ಮಲಯಾಳದ ‘ಎಡುಕ್ಕು’ ಎಂಬ ಮಾತನ್ನು ನೆನಪಿಸಿಕೊಳ್ಳಿ. ಬಸ್ಸಿನ ಕಂಡಕ್ಟರು ಟಿಕೆಟ್ ‘ಎಡುತ್ತೋ’ ಎಂದು ಕೇಳುತ್ತಾನೆ, ಪಕ್ಕದ ಮನೆಯವರು ಫೋನ್ ‘ಎಡುಕ್ಕು’ ಎನ್ನುತ್ತಾರೆ, ಕಚೇರಿಯಲ್ಲಿ ರಜೆಯನ್ನೂ ‘ಎಡುಕ್ಕುತ್ತಾರೆ’. ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನನ್ನ ಅಜ್ಜ ಕಚೇರಿಯ ಮಲಯಾಳವನ್ನು ನಡುವಯಸ್ಸಿನಲ್ಲಿ, ಜಗಲಿಯಲ್ಲಿ ಕೂತು ಕಾಯುತ್ತ, ಬೇರೆಯವರ ಮಾತು ಕೇಳುತ್ತಲೇ ಕಲಿತುಕೊಂಡರು. ಹಾಗೆ ಭಾಷೆ ಬಂದುದನ್ನು ಇಂಗ್ಲಿಷಿನಲ್ಲಿ ಹೀಗೆ ಹೇಳುತ್ತಾರೆ: ‘ಹೀ ಪಿಕ್ಡ್ ಅಪ್ ಮಲಯಾಳಂ.’ ನಿಮ್ಮ ಮಗನ ಬಗ್ಗೆ ಟೀಚರು ಹೇಳಿದ್ದೂ ಇದೇ ‘ಪಿಕ್ ಅಪ್’.

ದಿನಬಳಕೆಯ ಉಳಿದ ವಾಕ್ಯಗಳು ಸುಲಭ. ಔಷಧದಂಗಡಿಯಲ್ಲಿ ‘ಐ ಹ್ಯಾವ್ ಕಮ್ ಟು ಪಿಕ್ ಅಪ್ ಎ ಪ್ರಿಸ್ಕ್ರಿಪ್ಷನ್’ ಎಂದರೆ ಸಾಕು. ‘ಶಿ ಈಸ್ ನಾಟ್ ಪಿಕಿಂಗ್ ಅಪ್’ ಎಂದರೆ ಅವಳು ಫೋನ್ ಎತ್ತುತ್ತಿಲ್ಲ, ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿ ಹಿಡಿದಿವೆ. ‘ಹೀ ಹ್ಯಾಸ್ ಪಿಕ್ಡ್ ಅಪ್ ಎ ಕೋಲ್ಡ್’ ಎಂದರೆ ಶೀತ ಹಿಡಿದಿದೆ. ಗಾಳಿ ಜೋರಾದರೂ, ವ್ಯಾಪಾರ ಚೇತರಿಸಿಕೊಂಡರೂ ‘ಪಿಕಿಂಗ್ ಅಪ್’ ಎಂದೇ ಹೇಳುತ್ತಾರೆ. ಊಟದ ಬಿಲ್ಲನ್ನು ‘ಪಿಕ್ ಅಪ್’ ಮಾಡುತ್ತೇನೆ ಎಂದವರು ಹಣ ಕೊಡುವವರು.

ಕೆಲಸದ ಜಾಗದಲ್ಲಿ ಮಾತ್ರ ಎಚ್ಚರವಿರಲಿ, ಏಕೆಂದರೆ ಅಲ್ಲಿ ನಾನು ತಪ್ಪಿದ್ದೇನೆ. ವೃದ್ಧರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ, ಹಳೆಯ ಕಾರೊಂದನ್ನು ಆಗಷ್ಟೇ ಕೊಂಡಿದ್ದೆ. ಜೊತೆಯ ಕೆಲಸದವಳು ‘ಕುಡ್ ಯೂ ಪಿಕ್ ಅಪ್ ಸಂಡೇ ಫಾರ್ ಮೀ?’ ಎಂದು ಕೇಳಿದಳು. ಭಾನುವಾರ ತನ್ನನ್ನು ಮನೆಯಿಂದ ಕರೆದುಕೊಂಡು ಹೋಗಬೇಕೆನ್ನುತ್ತಿದ್ದಾಳೆಂದು ತಿಳಿದು ಒಪ್ಪಿಕೊಂಡೆ. ಆದರೆ ತನ್ನ ಭಾನುವಾರದ ಪಾಳಿಯನ್ನು ನಾನು ವಹಿಸಿಕೊಳ್ಳುತ್ತೇನೋ ಎಂದು ಅವಳು ಕೇಳಿದ್ದಳು. ಅವಳ ಬಾಗಿಲಲ್ಲಿ ಗಂಟೆ ಒತ್ತಿ ಕಾದು, ವಿಷಯ ತಿಳಿದು, ಕೆಲಸದ ಜಾಗಕ್ಕೆ ಓಡಿಬರುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ರಾತ್ರಿ ಪಾಳಿಯಾಕೆ ಕೋಟು ಹಾಕಿಕೊಂಡು ಮನೆಗೆ ಹೋಗಲಾಗದೆ ನಿಂತಿದ್ದಳು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಒಬ್ಬ ಅಜ್ಜ, ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡು, ಬೆಳಗಿನ ಚಹಾಕ್ಕಾಗಿ ಬಾಗಿಲನ್ನೇ ನೋಡುತ್ತಿದ್ದರು. ಆ ಮುಖ ನನಗೆ ಇಂದಿಗೂ ನೆನಪಿದೆ. ಅಂದಿನಿಂದ ಯಾರು ಏನನ್ನು ‘ಪಿಕ್ ಅಪ್’ ಮಾಡಲು ಹೇಳಿದರೂ, ‘ಯೂ ಮೀನ್ ವರ್ಕ್ ಯುವರ್ ಶಿಫ್ಟ್?’ ಎಂದು ಬಿಡಿಸಿ ಕೇಳಿಕೊಂಡೇ ಒಪ್ಪುತ್ತೇನೆ. ಹಾಗೆ ಕೇಳಿದ್ದಕ್ಕೆ ಯಾರೂ ನನ್ನನ್ನು ಕೀಳಾಗಿ ಕಂಡಿಲ್ಲ.

ವ್ಯಾಕರಣದಲ್ಲಿ ನೀವು ಗಮನಿಸಬೇಕಾದದ್ದು ಒಂದೇ. ‘ಪಿಕ್ ಅಪ್ ದ ಪಾರ್ಸೆಲ್’ ಎಂದರೂ ‘ಪಿಕ್ ದ ಪಾರ್ಸೆಲ್ ಅಪ್’ ಎಂದರೂ ಸರಿಯೇ. ಆದರೆ ಪಾರ್ಸೆಲ್ಲಿನ ಬದಲು ‘ಇಟ್’ ಬಂದರೆ, ಮಗುವಿನ ಬದಲು ‘ಹಿಮ್’ ಬಂದರೆ, ಅದು ‘ಪಿಕ್’ ಮತ್ತು ‘ಅಪ್’ಗಳ ನಡುವೆಯೇ ಕೂರಬೇಕು. ‘ಪಿಕ್ ಅಪ್ ಹಿಮ್’ ಎಂದರೆ ಅರ್ಥವಾಗುತ್ತದೆ, ಆದರೆ ಕೇಳುವವರ ಕಿವಿಗೆ ತೊಡಕಾಗುತ್ತದೆ.

ಶುಕ್ರವಾರ ನಿಮಗೆ ಇಂಟರ್‌ವ್ಯೂ ಇದೆಯೆಂದೂ, ಮಗನನ್ನು ಶಾಲೆಯಿಂದ ನಾದಿನಿ ಕರೆತರುತ್ತಾಳೆಂದೂ ಬರೆದಿದ್ದೀರಿ. ಪರಿಚಯವಿಲ್ಲದವರ ಕೈಗೆ ಅಲ್ಲಿಯ ಶಾಲೆಯವರು ಮಗುವನ್ನು ಒಪ್ಪಿಸುವುದಿಲ್ಲ, ಆದ್ದರಿಂದ ಬೆಳಿಗ್ಗೆಯೇ ಶಾಲೆಯ ಆಫೀಸಿಗೆ ಫೋನ್ ಮಾಡಿ ನಾದಿನಿಯ ಹೆಸರನ್ನು ಬರೆಸಿ. ನೀವು ಹೇಳಬೇಕಾದ ವಾಕ್ಯ ಇದು: ‘ಮೈ ಸಿಸ್ಟರ್ ಇನ್ ಲಾ ವಿಲ್ ಪಿಕ್ ಹಿಮ್ ಅಪ್ ಟುಡೇ.’

ನಿಮ್ಮ
ಅಕ್ಕ