ಓದುಗರ ಪ್ರಶ್ನೆ: ಮೂರು ದಿನದಲ್ಲಿ ಕರಾವಳಿ ಮುಗೀತದಾ?

ಪ್ರಶ್ನೆ (ಹುಬ್ಬಳ್ಳಿಯಿಂದ): ನಮಸ್ಕಾರ್ರಿ. ಡಿಸೆಂಬರ್ ರಜಾದಾಗ ಮನಿ ಮಂದಿ ಆರು ಜನ ಕಾರ್ ತಗೊಂಡು ಹೊಂಟೀವಿ, ಅಪ್ಪ ಅವ್ವಗ ಎಪ್ಪತ್ತು ದಾಟೈತಿ. ಮೂರು ದಿನದಾಗ ಮುರುಡೇಶ್ವರ, ಕೊಲ್ಲೂರು, ಉಡುಪಿ, ಮಲ್ಪೆ ದ್ವೀಪ, ಮಂಗಳೂರು, ಧರ್ಮಸ್ಥಳ ಎಲ್ಲಾ ಮಾಡಬೇಕಂತ ಪ್ಲಾನ್ ಐತಿ. ಆಗ್ತೈತೇನ್ರಿ?

ಉತ್ತರ: ಆಗುದಿಲ್ಲ ಅಂತ ಇಲ್ಲ, ಆದ್ರೆ ಮೂರು ದಿನವೂ ನೀವು ಕಾರೊಳಗೇ ಇರ್ತೀರಿ, ಅಪ್ಪ ಅಮ್ಮನ ಕಾಲು ಊದಿಕೊಳ್ತದೆ, ಊರಿಗೆ ಹೋದ್ಮೇಲೆ ಎಂತ ನೋಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನ್ಯಾಷನಲ್ ಹೈವೇ 66 ಅಂತ ಹೇಳ್ಬೇಕಷ್ಟೆ. ಮೊದ್ಲು ಧರ್ಮಸ್ಥಳ ತೆಗೀರಿ. ಅದಿರುದು ಕಡಲ ಬದಿ ಅಲ್ಲ, ಘಟ್ಟದ ಬುಡದಲ್ಲಿ ಬೆಳ್ತಂಗಡಿ ಹತ್ರ, ಸುಬ್ರಹ್ಮಣ್ಯದ ಜೊತೆ ಸೇರಿಸಿ ಇನ್ನೊಂದು ಸಲ ಬನ್ನಿ. ಮಂಗಳೂರೂ ಈ ಸಲ ಬೇಡ. ಉಡುಪಿಯಿಂದ ಇನ್ನೂ ತೆಂಕಕ್ಕೆ ಸುಮಾರು 60 ಕಿಲೋಮೀಟರ್, ನಿಮ್ಮ ಮನೆ ಇರುದು ಬಡಗು ದಿಕ್ಕಿಗೆ, ಹೋದಷ್ಟೂ ವಾಪಸ್ ಬರ್ಬೇಕು.

ಮೊದಲ ದಿನ ಯಲ್ಲಾಪುರ, ಅಂಕೋಲ ಮೇಲೆ ಇಳಿದು ಬರ್ತೀರಲ್ಲ, ಮುರುಡೇಶ್ವರ ದಾರೀಲೇ ಸಿಗ್ತದೆ. ಗೋಪುರಕ್ಕೆ ಲಿಫ್ಟ್ ಉಂಟು, ಹಾಗಾಗಿ ಹಿರಿಯರಿಗೂ ಕಷ್ಟ ಇಲ್ಲ, ಮೇಲಿಂದ ಶಿವನ ಮೂರ್ತಿ, ಕಡಲು ಎಲ್ಲಾ ಒಟ್ಟಿಗೇ ಕಾಣ್ತದೆ. ನಾಲ್ಕೂವರೆಗೆ ಅಲ್ಲಿಂದ ಹೊರಡಿ, ಯಾಕಂದ್ರೆ ಡಿಸೆಂಬರಲ್ಲಿ ಆರು ಕಳೆದ ಕೂಡ್ಲೇ ಸೂರ್ಯ ಮುಳುಗ್ತಾನೆ, ಅಷ್ಟೊತ್ತಿಗೆ ನೀವು ಮರವಂತೆಯಲ್ಲಿರ್ಬೇಕು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ರೋಡು. ಕಾರ್ ಬದಿಗೆ ಹಾಕಿ ಕೂತ್ರೆ ಸಾಕು, ಟಿಕೆಟ್ಟೂ ಇಲ್ಲ ಎಂತದೂ ಇಲ್ಲ. ರಾತ್ರಿಗೆ ಉಡುಪಿ ಸೇರಿ, ಎರಡು ರಾತ್ರಿಯೂ ಅಲ್ಲೇ ರೂಮ್ ಮಾಡಿ. ದಿನಕ್ಕೊಂದು ಲಾಡ್ಜ್ ಬದಲಾಯಿಸುದು, ಬೆಳಿಗ್ಗೆದ್ದು ಆರು ಜನರ ಬ್ಯಾಗ್ ತುಂಬುದು, ಅದು ಪ್ರವಾಸ ಅಲ್ಲ ಮಾರಾಯ್ರೆ.

ಎರಡನೇ ದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ನಾವು ತೋನ್ಸೆಪಾರ್ ಅಂತೇವೆ. ಬಿಸಿಲು ಏರುವ ಮೊದ್ಲು, ಬೆಳಗಿನ ಬೋಟಿಗೇ ಹೋಗಿ. ಅಲ್ಲಿ ಪೆನ್ಸಿಲ್ ಕಟ್ಟಿಟ್ಟ ಹಾಗೆ ನಿಂತ ಕಲ್ಲುಗಳಿದ್ದಾವಲ್ಲ, ಅವು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆ ಆದ ಕಾಲದ್ದು. ಕಾದ ಲಾವಾ ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟು ಹಾಗೆ ಕಂಬ ಕಂಬ ಆದದ್ದು. ಬಂದವ್ರಲ್ಲಿ ಮುಕ್ಕಾಲು ಪಾಲು ಜನ ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗ್ದು ವಾಪಸ್ ಬೋಟ್ ಹತ್ತುದು, ಇರ್ಲಿ. ಆದ್ರೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗುದು ಯೋಚಿಸಿ ಮಾಡಿ: ದೊಡ್ಡ ಬೋಟಿಂದ ಸಣ್ಣ ಬೋಟಿಗೆ ಇಳಿಲಿಕ್ಕುಂಟು, ದಡದಲ್ಲಿ ಕಲ್ಲು, ಚಿಪ್ಪು, ನೆರಳು ಕಮ್ಮಿ. ಅವರನ್ನ ಯಾರಾದ್ರೊಬ್ರು ಕೃಷ್ಣ ಮಠಕ್ಕೆ ಕರ್ಕೊಂಡು ಹೋಗ್ಲಿ, ಒಂಬತ್ತು ಕಿಂಡಿಯಲ್ಲಿ ದರ್ಶನ, ಹೊರಗೆ ಕನಕನ ಕಿಂಡಿ, ಮಧ್ಯಾಹ್ನಕ್ಕೆ ಅಲ್ಲೇ ಊಟ. ಗಂಡಸರು ಅಂಗಿ ತೆಗೀಬೇಕು, ತೆಗಿಲಿಕ್ಕೆ ಸುಲಭದ್ದೇ ಹಾಕ್ಕೊಂಡು ಬನ್ನಿ. ಸಂಜೆ ಎಲ್ಲರೂ ಕಾಪು, ಲೈಟ್‌ಹೌಸ್ 1901ರದ್ದು, ಹತ್ಲಿಕ್ಕೆ ಬಿಡುದು ಸಂಜೆ ಹೊತ್ತಲ್ಲಿ ಮಾತ್ರ.

ಮೂರನೇ ದಿನ ಬೆಳಿಗ್ಗೆ ಕೋಡಿ ಬೆಂಗ್ರೆ, ಹೊಳೆ ಹೋಗಿ ಕಡಲಿಗೆ ಸೇರುವ ಜಾಗ, ಒಂದು ಗಂಟೆ ಸಾಕು. ಕೊಲ್ಲೂರು ಬೇಕೇ ಬೇಕು ಅಂದ್ರೆ ಊರಿಗೆ ಹೋಗುವಾಗ ಇಟ್ಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕ್ತಾರೆ, ಅದರ ಮೊದ್ಲು ತಲುಪಿ. ಮತ್ತೆ ಕ್ರಿಸ್ಮಸ್ಸಿಂದ ಹೊಸ ವರ್ಷದವರೆಗೆ ಮಲ್ಪೆಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ, ರೂಮ್ ರೇಟೂ ಏರ್ತದೆ, ಶಾಲೆಗೆ ರಜೆ ಮೊದ್ಲೇ ಸಿಗ್ತದಾದ್ರೆ ಒಂದು ವಾರ ಹಿಂದೆಯೇ ಬನ್ನಿ.

ಪ್ರಶ್ನೆ (ಬೆಂಗಳೂರಿಂದ): ಮೇಡಂ, ನಮ್ಮ ಹತ್ರ ಕಾರ್ ಇಲ್ಲ, ನಾನು ಹೆಂಡ್ತಿ ಇಬ್ರೇ, ಟ್ರೇನಲ್ಲಿ ಬಂದು ಮಂಗಳೂರು ಸುತ್ತಬಹುದಾ?

ಉತ್ತರ: ಧಾರಾಳ. ಹಗಲಿನ ಟ್ರೇನ್ ಹಿಡೀರಿ, ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಾಟಿ, ಸುರಂಗ, ಸೇತುವೆ, ಆ ದಾರಿ ನೋಡ್ಲಿಕ್ಕೇ ಬರುವವ್ರಿದ್ದಾರೆ. ಯಾವ ವಾರ ಯಾವ ಟ್ರೇನ್ ಅಂತ ನೋಡಿ ಬುಕ್ ಮಾಡಿ, ವಿಸ್ಟಾಡೋಮ್ (ಗಾಜಿನ ಚಾವಣಿಯ ಬೋಗಿ) ಸಿಗ್ಲಿಲ್ಲ ಅಂತ ಬೇಜಾರು ಬೇಡ, ಸಾದಾ ಬೋಗಿಯ ಕಿಟಕಿಗೆ ಗಾಳಿಯಾದ್ರೂ ಬರ್ತದೆ. ಇಳಿಯುದು ಜಂಕ್ಷನಾ ಸೆಂಟ್ರಲ್ಲಾ ಅಂತ ಟಿಕೆಟ್ ನೋಡ್ಕೊಳ್ಳಿ, ಜಂಕ್ಷನ್ ಪೇಟೆಯಿಂದ ದೂರ. ಊರೊಳಗೆ ಸಿಟಿ ಬಸ್ಸೇ ಸಾಕು. ಸೇಂಟ್ ಅಲೋಶಿಯಸ್ ಚಾಪೆಲ್ ತಪ್ಪಿಸ್ಬೇಡಿ, ಇಟಲಿಯ ಆಂಟೋನಿಯೋ ಮೊಸ್ಕೇನಿ ಗೋಡೆ, ಚಾವಣಿ ಬಿಡದೆ ಚಿತ್ರ ಬರೆದಿದ್ದಾರೆ. ಕದ್ರಿ ದೇವಸ್ಥಾನದಲ್ಲಿ 968ರ ಲೋಕೇಶ್ವರನ ಕಂಚಿನ ಮೂರ್ತಿ ಉಂಟು, ಎಷ್ಟೋ ಜನ ಮಂಜುನಾಥನಿಗೆ ಕೈ ಮುಗ್ದು ಅದನ್ನ ನೋಡದೇ ಹೊರಗೆ ಬರ್ತಾರೆ. ಸಂಜೆಗೆ ತಣ್ಣೀರುಬಾವಿ ಬೀಚ್. ರಾತ್ರಿ ಗಡ್‌ಬಡ್ ಐಸ್‌ಕ್ರೀಮ್, ಅದು ಹುಟ್ಟಿದ್ದು ಉಡುಪಿಯಲ್ಲಾ ಮಂಗಳೂರಲ್ಲಾ ಅಂತ ಮಾತ್ರ ಇಲ್ಲಿ ಯಾರನ್ನೂ ಕೇಳ್ಬೇಡಿ.

ಪ್ರಶ್ನೆ (ತುಮಕೂರಿಂದ): ಜುಲೈನಲ್ಲಿ ರೂಮ್ ಚೀಪ್ ಅಂತೆ, ಬೀಚು, ಮೀನು ಎರಡೂ ಮುಗಿಸ್ಕೊಂಡು ಹೋಗೋಣ ಅಂತಿದೀವಿ.

ಉತ್ತರ: ಎರಡೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬಲೆ ಎಲ್ಲಾ ದಡದಲ್ಲಿ. ತಾಜಾ ಮೀನು ಕಮ್ಮಿ, ಸಿಕ್ಕಿದ್ರೆ ರೇಟು ಕೇಳಿ ಹೊಟ್ಟೆ ತುಂಬ್ತದೆ. ದ್ವೀಪದ ಬೋಟ್ ಬಂದ್, ನೀರಿಗಂತೂ ಇಳಿಲೇಬೇಡಿ, ಈಜು ಬರ್ತದೆ ಅಂತ ಇಳಿದವ್ರನ್ನೇ ಕಡಲು ಎಳ್ಕೊಂಡು ಹೋಗುದು. ಮಳೆ ನೋಡ್ಲಿಕ್ಕೆ ಅಂತ ಬರುದಾದ್ರೆ ಮಾತ್ರ ಬನ್ನಿ: ಆಗುಂಬೆ, ವರಂಗದ ಕೆರೆ ಬಸದಿ, ಕಾರ್ಕಳದ 42 ಅಡಿ ಗೊಮ್ಮಟ. ತಿನ್ಲಿಕ್ಕೆ ಪತ್ರೊಡೆ ಸಿಗ್ತದೆ, ಕೆಸುವಿನೆಲೆ ಚಿಗುರುವ ಕಾಲವೇ ಅದು.

ಪ್ರಶ್ನೆ (ದಾವಣಗೆರೆಯಿಂದ): ಕಂಬಳ ನೋಡೋಕೆ ಯಾವಾಗ ಬರಬೇಕು?

ಉತ್ತರ: ನವೆಂಬರ್ ಆದ್ಮೇಲೆ, ಶನಿವಾರ ಭಾನುವಾರ. ಶನಿವಾರ ಶುರುವಾದದ್ದು ರಾತ್ರಿ ಇಡೀ ನಡೆದು ಭಾನುವಾರಕ್ಕೆ ಮುಗೀತದೆ, ರೂಮ್ ದುಡ್ಡು ಉಳೀತು. ಕರೆಯ, ಅಂದ್ರೆ ಕೋಣ ಓಡುವ ಕೆಸರಿನ ಗದ್ದೆಯ, ತೀರಾ ಹತ್ರ ನಿಲ್ಬೇಡಿ, ಬಿಳಿ ಅಂಗಿಯಂತೂ ಬೇಡವೇ ಬೇಡ.