ಕತ್ತರಿ ಹಿಡಿದವನಿಗೂ ಕಥೆ ಗೊತ್ತಿರುತ್ತದೆ

ಪತ್ರ: ನನ್ನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಸಂಜೆ ಹೊತ್ತು ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ. ಈಗ ಸಿನಿಮಾ ಸಂಕಲನ ಕಲಿಯಲು ಪುಣೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ನಿರ್ದೇಶಕನಾಗುತ್ತೇನೆ ಎಂದಿದ್ದರೆ ಹೇಗೋ ಒಪ್ಪುತ್ತಿದ್ದೆ. ಯಾರೋ ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಏನು ಭವಿಷ್ಯ?
– ಓದುಗರೊಬ್ಬರು, ರಾಣೆಬೆನ್ನೂರು

ಸಂಪಾದಕರ ಉತ್ತರ: ಹಿರಿಯರೇ, ನಿಮ್ಮ ಆತಂಕ ನ್ಯಾಯವಾದದ್ದೇ. ಚಿತ್ರರಂಗದಲ್ಲಿ ತಿಂಗಳ ಸಂಬಳದ ಭರವಸೆಯಿಲ್ಲ. ಕೆಲಸ ಮಾಡಿಸಿಕೊಂಡು ದುಡ್ಡಿಗೆ ಸತಾಯಿಸುವವರಿಗೆ ಬರವಿಲ್ಲ. ಅಷ್ಟು ಒಪ್ಪಿದೆ. ಆದರೆ ನಿಮ್ಮ ಕೊನೆಯ ವಾಕ್ಯ ಓದಿ ನನಗೆ ನೋವಾಯಿತು.

ಕಲ್ಕತ್ತದಲ್ಲಿ ರಸಾಯನಶಾಸ್ತ್ರ ಓದಿದ ಹೃಷಿಕೇಶ್ ಮುಖರ್ಜಿ ನ್ಯೂ ಥಿಯೇಟರ್ಸ್ ಸ್ಟುಡಿಯೋದಲ್ಲಿ ಸಂಕಲನ ಕಲಿತು, ನಿರ್ದೇಶಕ ಬಿಮಲ್ ರಾಯ್ ಅವರೊಂದಿಗೆ ಮುಂಬಯಿಗೆ ಬಂದರು. 1953ರ ‘ದೋ ಬಿಘಾ ಜಮೀನ್’ ಚಿತ್ರಕ್ಕೆ ಸಂಕಲನವೂ ಅವರದೇ, ಚಿತ್ರಕಥೆಯೂ ಅವರದೇ. ಮುಂದೆ ನಿರ್ದೇಶಕರಾಗಿ, ನಿರ್ಮಾಪಕರಾಗಿ ಹೆಸರು ಮಾಡಿದ ಮೇಲೂ ಕತ್ತರಿ ಕೆಳಗಿಡಲಿಲ್ಲ. 1971ರ ‘ಆನಂದ್’ ಚಿತ್ರವನ್ನು ನಿರ್ದೇಶಿಸಿ, ನಿರ್ಮಾಣದಲ್ಲೂ ಪಾಲುದಾರರಾಗಿ, ಸಂಕಲನವನ್ನೂ ತಾವೇ ಮಾಡಿ ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಈ ಬಂಗಾಳಿಯನ್ನು ಮಲಯಾಳಂನ ‘ಚೆಮ್ಮೀನ್’ ಚಿತ್ರದ ಸಂಕಲನಕ್ಕೆ ಕರೆಸಿಕೊಂಡರು. ದಕ್ಷಿಣ ಭಾರತಕ್ಕೆ ಮೊದಲ ರಾಷ್ಟ್ರಪತಿ ಸ್ವರ್ಣಪದಕ ತಂದದ್ದು ಅದೇ ಚಿತ್ರ.

ಸಂಕಲನಕಾರನಿಗೆ ಚಿತ್ರಕಥೆ ಒಲಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾಳೆಯ ಮೇಲೆ ಸೊಗಸಾಗಿ ಕಂಡ ಮಾತು ಪರದೆಯ ಮೇಲೆ ಎಲ್ಲಿ ಸೋಲುತ್ತದೆ ಎಂಬುದನ್ನು ಅವನು ದಿನವೂ ಕಣ್ಣಾರೆ ನೋಡುತ್ತಾನೆ. ಖರ್ಚಿನ ಲೆಕ್ಕವೂ ಅವನಿಗೇ ಮೊದಲು ಗೊತ್ತು. ರೀಲಿನ ಕಾಲದಲ್ಲಿ ಒಂದು ನಿಮಿಷಕ್ಕೆ 90 ಅಡಿ ಫಿಲ್ಮ್ ಓಡುತ್ತಿತ್ತು. ಚಿತ್ರೀಕರಿಸಿ ಬಿಸಾಡಿದ ಪ್ರತಿ ಅಡಿಯೂ ನಿರ್ಮಾಪಕನ ದುಡ್ಡು, ಅದು ಬಂದು ಬೀಳುತ್ತಿದ್ದದ್ದು ಸಂಕಲನಕಾರನ ಬುಟ್ಟಿಗೆ.

ಮದುವೆ ವಿಡಿಯೋ ಎಂದು ಹಗುರವಾಗಿ ಬರೆದಿದ್ದೀರಿ. ಹುಬ್ಬಳ್ಳಿಯ ಅಂಥದೇ ಒಂದು ಸ್ಟುಡಿಯೋದಲ್ಲಿ ನಾನು ಹುಡುಗನೊಬ್ಬನ ಪಕ್ಕ ಕುಳಿತು ನೋಡಿದ್ದೇನೆ. ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಎರಡು ಕ್ಯಾಮೆರಾಗಳ ತುಂಬ ಅಳುವ ಮುಖಗಳು. ಅವನ್ನೆಲ್ಲ ಸರಿಸಿ, ಕಂಬಕ್ಕೆ ಒರಗಿ ನಿಂತು ಹೆಗಲ ಮೇಲಿನ ಟವೆಲನ್ನು ಮತ್ತೆ ಮತ್ತೆ ಮಡಿಸುತ್ತಿದ್ದ ಅಪ್ಪನನ್ನು ಹುಡುಕಿ ತೆಗೆದ. ಶಹನಾಯಿ ನಿಲ್ಲಿಸಿ, ಆ ಕೈಗಳನ್ನು ನಾಲ್ಕು ಸೆಕೆಂಡು ಹಾಗೆಯೇ ಬಿಟ್ಟ. ನನ್ನ ಕಣ್ಣು ತುಂಬಿ ಬಂತು. ಛಾಯಾಗ್ರಾಹಕನಿಗೆ ಆ ಕೈಗಳು ಕಂಡದ್ದು ಅಕಸ್ಮಾತ್. ಅದನ್ನು ಕಥೆ ಮಾಡಿದವನು ಈ ಹುಡುಗ.

ಇಂಥವರ ಹೆಸರು ನಾವು ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಸಂಕಟ. ನಮ್ಮ ಕನ್ನಡದ ಸುರೇಶ್ ಅರಸ್ ಅವರು ‘ಬಾಂಬೆ’ ಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ತಂದರು. ಆ ಚಿತ್ರದ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡವರಲ್ಲಿ ಎಷ್ಟು ಜನರಿಗೆ ಈ ಸಂಗತಿ ಗೊತ್ತು? ಪತ್ರಿಕೆಗಳ ವಿಮರ್ಶೆಯಲ್ಲಿ ನಾಯಕನ ಅಂಗಿಗೂ ಒಂದು ಸಾಲು ಸಿಗುತ್ತದೆ, ಸಂಕಲನಕ್ಕೆ ‘ಚುರುಕಾಗಿದೆ’ ಎಂಬ ಒಂದೇ ಪದ. ಪುಸ್ತಕ ಲೋಕದಲ್ಲೂ ಇದೇ ಕಥೆ. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಕುಳಿತು ಅದರ ಪ್ರಕಾಶಕ ಜಿ.ಬಿ. ಜೋಶಿಯವರೂ ಗದುಗಿನ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರೂ ಹೊಸಬರ ಹಸ್ತಪ್ರತಿಗಳನ್ನು ಓದಿ, ಚರ್ಚಿಸಿ ಹದಗೊಳಿಸಿದರು. ಗಿರೀಶ ಕಾರ್ನಾಡರಂಥವರು ಆ ಋಣವನ್ನು ಬಾಯ್ತುಂಬ ನೆನೆದರು. ಇಂದು ಹಸ್ತಪ್ರತಿಯಿಂದ ಒಂದು ಪುಟ ತೆಗೆಯಿರಿ ಎಂದರೆ ಲೇಖಕರು ಮಾತು ಬಿಡುತ್ತಾರೆ. ಮೂರು ಗಂಟೆ ಎಳೆಯುವ ಚಿತ್ರಗಳು, ನಾನೂರು ಪುಟ ಬೆಳೆಯುವ ಕಾದಂಬರಿಗಳು, ಮುಗಿಯದ ಅಧ್ಯಕ್ಷೀಯ ಭಾಷಣಗಳು – ಸಾಕು ಎನ್ನಬಲ್ಲವರಿಗೆ ನಾವು ಮರ್ಯಾದೆ ಕೊಡದೇ ಹೋದದ್ದರ ಫಲ ಇವೆಲ್ಲ.

ಮಗನ ಮೇಲೆ ಕೋಪ ಬೇಡ. ಅವನು ಕತ್ತರಿಸಿದ ಒಂದು ಮದುವೆಯನ್ನು ಪೂರ್ತಿ ಕುಳಿತು ನೋಡಿ, ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ಕೇಳಿ. ಆದರೆ ಇಂಜಿನಿಯರಿಂಗ್ ಮಾತ್ರ ಮುಗಿಸಲೇಬೇಕು ಎಂದು ಪಟ್ಟು ಹಿಡಿಯಿರಿ. ಪುಣೆಯ ಸರ್ಕಾರಿ ಚಲನಚಿತ್ರ ತರಬೇತಿ ಸಂಸ್ಥೆಯ (ಎಫ್‌ಟಿಐಐ) ಸಂಕಲನ ವಿಭಾಗಕ್ಕೆ ಸೇರಲು ಪದವಿ ಬೇಕೇ ಬೇಕು.