ಮಗನ ಪಗಾರ ಬಂದರೆ ನನ್ನದು ನಿಲ್ಲುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನಮ್ಮದು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಗಂಡ ತೀರಿಕೊಂಡು ನಾಲ್ಕು ವರ್ಷ ಆಯಿತು. ತೊಗರಿ ಹೊಲಕ್ಕೆ ಕೂಲಿ ಹೋಗುತ್ತೇನೆ. ವಿಧವಾ ಪಗಾರ 800 ರೂಪಾಯಿ ಬರುತ್ತದೆ, ಗೃಹಲಕ್ಷ್ಮಿ ಬರುತ್ತದೆ, ಬಿಪಿಎಲ್ ಕಾರ್ಡ್ ಇದೆ. ಮಗನಿಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಕೂಡಿಸಿದರೆ ಕೂಡುತ್ತಾನೆ, ನಡೆಯುವುದಿಲ್ಲ. ಅವನ ಹೆಸರಿಗೆ ಅಂಗವಿಕಲರ ಪಗಾರಕ್ಕೆ ಅರ್ಜಿ ಹಾಕು ಅಂತ ಆಶಾ ಅಕ್ಕ ಹೇಳುತ್ತಾರೆ. ಮೈದುನ ಬೇಡ ಅಂತಾನೆ. ಒಂದು ಮನೆಗೆ ಎರಡು ಪಗಾರ ಕೊಡಲ್ಲ, ಅವನದು ಬಂದರೆ ನಿನ್ನದು ಕಟ್ ಆಗುತ್ತದೆ ಅಂತಾನೆ. ಏನು ಮಾಡಲಿ?

ಉತ್ತರ: ಅರ್ಜಿ ಹಾಕಿ ತಾಯಿ. ಈ ವಾರವೇ ಹಾಕಿ.

ಒಬ್ಬರಿಗೆ ಒಂದೇ ಪಿಂಚಣಿ ಅನ್ನುವುದು ನಿಯಮ. ಒಂದು ಮನೆಗೆ ಒಂದೇ ಅಂತ ಎಲ್ಲೂ ಇಲ್ಲ. ನಿಮ್ಮ ಮೈದುನ ಈ ಎರಡನ್ನೂ ಕೂಡಿಸಿಬಿಟ್ಟಿದ್ದಾರೆ. ವಿಧವಾ ವೇತನ ನಿಮ್ಮ ಹೆಸರಿನದು, ಅಂಗವಿಕಲರ ವೇತನ ನಿಮ್ಮ ಮಗನ ಹೆಸರಿನದು. ಅವನಿಗೆ ಮಂಜೂರಾದರೆ ನಿಮ್ಮ 800 ರೂಪಾಯಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಹಾಂ, ನೀವೇ ಅಂಗವಿಕಲರಾಗಿದ್ದರೆ ಮಾತು ಬೇರೆ. ಆಗ ವಿಧವಾ ವೇತನ, ಅಂಗವಿಕಲ ವೇತನ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾಗುತ್ತಿತ್ತು.

ಗೃಹಲಕ್ಷ್ಮಿಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ನೋಡುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು, ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಾರಾ, ಜಿಎಸ್‌ಟಿ ರಿಟರ್ನ್ಸ್ ಹಾಕುತ್ತಾರಾ ಅನ್ನುವುದನ್ನು. ಮಗನ ಪಿಂಚಣಿ ಆ ಲೆಕ್ಕದಲ್ಲೇ ಬರುವುದಿಲ್ಲ.

ಹಾಗಾದರೆ ಊರೂರಲ್ಲಿ ಈ ಹೆದರಿಕೆ ಎಲ್ಲಿಂದ ಹುಟ್ಟಿತು? ಎರಡು ವರ್ಷದ ಹಿಂದೆ ಆಳಂದ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಎರಡು ಪಾಸ್‌ಬುಕ್ ಇಟ್ಟು ಅತ್ತಿದ್ದಳು. ಮಗಳ ಪಿಂಚಣಿ ಶುರುವಾದ ತಿಂಗಳಿಂದಲೇ ತನ್ನ ಗೃಹಲಕ್ಷ್ಮಿ ನಿಂತಿತು ಅಂತ. ಹಳೆಯ ಪಾಸ್‌ಬುಕ್ ನೋಡಿದೆ. ನಿಜ, ಮೂರು ತಿಂಗಳಿಂದ ಏನೂ ಬಂದಿಲ್ಲ. ಮಗಳಿಗಾಗಿ ಬೇರೆ ಬ್ಯಾಂಕಿನಲ್ಲಿ ಜಂಟಿ ಖಾತೆ ತೆಗೆಸಿದ್ದಳು. ಆ ಹೊಸ ಪಾಸ್‌ಬುಕ್‌ನಲ್ಲಿ ಒಂದೇ ಒಂದು ಸಾಲೂ ಪ್ರಿಂಟ್ ಆಗಿರಲಿಲ್ಲ. ಹೋಗಿ ಪ್ರಿಂಟ್ ಹಾಕಿಸಿದೆವು. ಎರಡು ಸಾವಿರ, ಎರಡು ಸಾವಿರ, ಎರಡು ಸಾವಿರ. ಮೂರೂ ಅಲ್ಲೇ ಕೂತಿದ್ದವು.

ಆಗಿದ್ದು ಇಷ್ಟೇ. ಸರ್ಕಾರದ ಹಣ ಹೋಗುವುದು ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಹೊಸ ಖಾತೆ ತೆಗೆಯುವಾಗ ಮಗಳ ಆಧಾರ್ ಜೊತೆಗೆ ತಾಯಿಯ ಆಧಾರನ್ನೂ ಜೋಡಿಸಿಬಿಟ್ಟಿದ್ದರು. ಆಕೆಗೆ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ‘ಮಗಳದು ಬಂತು, ತಾಯಿದು ಹೋಯಿತು’ ಅನ್ನುವ ಮಾತು ಓಣಿಯೆಲ್ಲ ಸುತ್ತಿ ಬಂದಿತ್ತು. ಆ ಮಾತು ಕೇಳಿ ಇನ್ನೆಷ್ಟು ತಾಯಂದಿರು ಅರ್ಜಿ ಹರಿದು ಹಾಕಿದರೋ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಮಗನ ಖಾತೆ ತೆಗೆಸುವಾಗ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ: ‘ಹಣ ಬರಲು ಮಗನ ಆಧಾರ್ ಜೋಡಿಸಿ. ನನ್ನದು ಪಾಲಕಿ ಅಂತ ಗುರುತಿಗೆ ಮಾತ್ರ, ನನ್ನ ಆಧಾರ್ ಇಲ್ಲಿಗೆ ಜೋಡಿಸಬೇಡಿ.’ ಮುಂದಿನ ಎರಡು ತಿಂಗಳು ಎರಡೂ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ನೋಡಿ. ಮಗನ ಆಧಾರ್‌ನಲ್ಲಿರುವ ಹೆಸರು, ರೇಷನ್ ಕಾರ್ಡಿನ ಹೆಸರು, ವೈದ್ಯರ ಸರ್ಟಿಫಿಕೇಟಿನ ಹೆಸರು ಮೂರೂ ಒಂದೇ ಥರ ಇರಲಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ವಾಪಸ್ ಬರುತ್ತದೆ.

ಇನ್ನು ದಾರಿ. ಮೊದಲು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ. ಆಮೇಲೆ ಕಲಬುರಗಿಯ ದೊಡ್ಡ ದವಾಖಾನೆ, ಅಂದರೆ ಜಿಮ್ಸ್‌ನಲ್ಲಿ ವೈದ್ಯರ ತಪಾಸಣೆ. ಮಗುವನ್ನು ಎತ್ತಿಕೊಂಡು ಜೇವರ್ಗಿಯಿಂದ ಸುಮ್ನೆ ಎರಡೆರಡು ಸಲ ಓಡಾಡಬೇಡಿ. ಯಾವ ದಿನ ತಪಾಸಣೆ ಅಂತ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಫೋನ್ ಮಾಡಿಸಿ ಕೇಳಿಕೊಂಡೇ ಹೋಗಿ. ವೈಕಲ್ಯ ಶೇ 40 ಇದ್ದರೆ ಪಿಂಚಣಿಗೆ ಅರ್ಹತೆ. 40ರಿಂದ 75ರವರೆಗಿನ ಮೊತ್ತವನ್ನು 2021ರಲ್ಲಿ 600ರಿಂದ 800 ರೂಪಾಯಿಗೆ ಏರಿಸಿದರು. 75 ದಾಟಿದರೆ ಅದಕ್ಕಿಂತ ಜಾಸ್ತಿ. ನಿಮ್ಮ ಮಗನ ಸ್ಥಿತಿ ನೋಡಿದರೆ ಆ ಎರಡನೆಯ ಸಾಲಿಗೆ ಬರುವ ಸಾಧ್ಯತೆಯೇ ಜಾಸ್ತಿ, ಆದರೆ ಅದನ್ನು ವೈದ್ಯರೇ ಹೇಳಬೇಕು. ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ ಶೇಕಡಾವಾರಿನ ಜೊತೆಗೆ ತಾರೀಖನ್ನೂ ಓದಿಸಿಕೊಳ್ಳಿ. ಮಕ್ಕಳಿಗೆ ಎಷ್ಟೋ ಸಲ ಇಂತಿಷ್ಟು ವರ್ಷಕ್ಕೆ ಅಂತ ತಾತ್ಕಾಲಿಕವಾಗಿ ಕೊಡುತ್ತಾರೆ. ಆ ಅವಧಿ ಮುಗಿದದ್ದು ಗೊತ್ತಾಗದೆ ಪಿಂಚಣಿ ನಿಂತುಹೋದ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಸರ್ಟಿಫಿಕೇಟ್ ಸಿಕ್ಕ ಮೇಲೆ ನಾಡಕಚೇರಿಯಲ್ಲಿ ಪಿಂಚಣಿ ಅರ್ಜಿ. ಆದಾಯ ಪ್ರಮಾಣಪತ್ರ ಕೇಳುತ್ತಾರೆ. ವಾರ್ಷಿಕ ಆದಾಯ 32,000 ರೂಪಾಯಿ ಒಳಗಿರಬೇಕು ಅನ್ನುವುದು ಈ ಪಿಂಚಣಿಗಳ ಮಿತಿ. ಬಿಪಿಎಲ್ ಕಾರ್ಡಿನ 1.20 ಲಕ್ಷದ ಮಿತಿಯೇ ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ವಿಧವಾ ವೇತನಕ್ಕೆ ಅಂತ ನಾಲ್ಕು ವರ್ಷದ ಹಿಂದೆ ಆದಾಯ ಪತ್ರ ಮಾಡಿಸಿದ್ದೀರಿ ಅಲ್ವಾ? ಅದರ ಅವಧಿ ಐದು ವರ್ಷ. ಟ್ರಂಕಿನಿಂದ ತೆಗೆದು ತಾರೀಖು ನೋಡಿ.

ಇನ್ನೊಂದು ಮಾತು. ಸೆರೆಬ್ರಲ್ ಪಾಲ್ಸಿ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ್ದರು. ಇದು ಆರೈಕೆ ಮಾಡುವವರಿಗೆ, ಅಂದರೆ ನಿಮ್ಮಂಥ ತಾಯಂದಿರಿಗೆ. ಕಲಬುರಗಿಗೆ ಹೋದ ದಿನವೇ ಜಿಲ್ಲಾ ವಿಕಲಚೇತನರ ಇಲಾಖೆಯ ಕಚೇರಿಯಲ್ಲಿ ಇದನ್ನೂ ಕೇಳಿ. ಮಗನ ಸರ್ಟಿಫಿಕೇಟ್ ಇಲ್ಲದೆ ಇದರ ಬಾಗಿಲೂ ತೆರೆಯುವುದಿಲ್ಲ. ತಡ ಮಾಡಿದಷ್ಟೂ ನಷ್ಟ. ಪಿಂಚಣಿ ಮಂಜೂರಾದ ಮೇಲಿನದ್ದು ಮಾತ್ರ ಸಿಗುತ್ತದೆ, ಕಳೆದ ವರ್ಷಗಳದ್ದು ಯಾರೂ ಲೆಕ್ಕ ಹಾಕಿ ಕೊಡುವುದಿಲ್ಲ.

ಪ್ರಶ್ನೆ: ಹುಮನಾಬಾದ್ ಹತ್ತಿರ ಕಾರ್ಖಾನೆಯಲ್ಲಿ ಕೆಲಸ. ಪಗಾರ ತಿಂಗಳಿಗೆ 16,000. ಪಿಎಫ್, ಇಎಸ್‌ಐ ಎರಡೂ ಕಟ್ ಆಗುತ್ತದೆ. ಮಗಳಿಗೆ 17 ವರ್ಷ, ಬುದ್ಧಿಮಾಂದ್ಯ. ಅವಳ ಹೆಸರಲ್ಲಿ ಸೌಲಭ್ಯ ತೆಗೆದುಕೊಂಡರೆ ನನ್ನ ಪಿಎಫ್ ಪಿಂಚಣಿಗೆ ತೊಂದರೆಯೇ?

ಉತ್ತರ: ನಿಮ್ಮ ಪಿಎಫ್‌ಗೆ ಏನೂ ಆಗುವುದಿಲ್ಲ ಅಣ್ಣಾ. ನಿಮ್ಮ ವಿಷಯದಲ್ಲಿ ತೊಡಕು ಇರುವುದು ಇನ್ನೊಂದು ಕಡೆ. ನಿಮ್ಮ ಸಂಬಳ ವರ್ಷಕ್ಕೆ 1.92 ಲಕ್ಷ. ಆದಾಯ ಮಿತಿಯಿಂದಾಗಿ ರಾಜ್ಯದ ಮಾಸಿಕ ಪಿಂಚಣಿ ಮಗಳಿಗೆ ಸಿಗುವುದು ಕಷ್ಟ.

ಹಾಗಂತ ಸರ್ಟಿಫಿಕೇಟ್ ಮಾಡಿಸದೆ ಬಿಡಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆಗೆ ಆದಾಯ ಮಿತಿ ಇಲ್ಲ, ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ರೈಲಿನಲ್ಲಿ ಅವಳಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. ಎಲ್ಲಕ್ಕಿಂತ ದೊಡ್ಡದು ನಿಮ್ಮ ಪಿಎಫ್‌ನೊಳಗೇ ಇದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಸದಸ್ಯರು ತೀರಿಕೊಂಡ ಮೇಲೆ ಮಕ್ಕಳ ಪಿಂಚಣಿ 25 ವರ್ಷಕ್ಕೆ ನಿಲ್ಲುತ್ತದೆ, ಆದರೆ ಪೂರ್ತಿ ಹಾಗೂ ಶಾಶ್ವತ ವೈಕಲ್ಯ ಇರುವ ಮಗುವಿಗೆ ವಯಸ್ಸಿನ ಮಿತಿ ಇಲ್ಲ. ಇಎಸ್‌ಐನಲ್ಲೂ ನಿಮ್ಮನ್ನೇ ನಂಬಿಕೊಂಡಿರುವ ಅಂಥ ಮಗು 21 ದಾಟಿದರೂ ಕುಟುಂಬದೊಳಗೇ ಲೆಕ್ಕ. ಇದಕ್ಕೆಲ್ಲ ದಾಖಲೆಯಲ್ಲಿ ಮಗಳ ಹೆಸರು ಇರಬೇಕು. ಪಿಎಫ್ ನಾಮಿನೇಷನ್‌ನಲ್ಲಿ ಕುಟುಂಬದವರ ಪಟ್ಟಿ ತೆರೆದು ಅವಳ ವಿವರ ಸೇರಿದೆಯಾ ನೋಡಿ. ಅವಳಿಗೆ 18 ತುಂಬಿದ ಕೂಡಲೇ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ, ಅದೇ ನ್ಯಾಷನಲ್ ಟ್ರಸ್ಟ್‌ನ ಸ್ಥಳೀಯ ಸಮಿತಿಗೆ ಕಾನೂನುಬದ್ಧ ಪಾಲಕರಾಗಲು ಅರ್ಜಿ ಕೊಡಿ. ಬೀದರ್‌ಗೆ ಒಂದು ದಿನ ರಜೆ ಹಾಕಿ ಹೋದರೂ ಪರವಾಗಿಲ್ಲ, ಅಷ್ಟು ಮುಖ್ಯ.

ಪ್ರಶ್ನೆ: ಯಾದಗಿರಿಯಲ್ಲಿ ಶಿಕ್ಷಕಿ. 22 ವರ್ಷದ ಮಗನಿಗೆ ಆಟಿಸಂ. ಅವನನ್ನು ಸಾಕುವುದಕ್ಕಾಗಿ ಸಿಗುವ 80ಡಿಡಿ ತೆರಿಗೆ ವಿನಾಯಿತಿಯನ್ನು ನಾನು ಪಡೆಯುತ್ತಿದ್ದೇನೆ. ಮಗನೂ ರಿಟರ್ನ್ಸ್‌ನಲ್ಲಿ ವಿನಾಯಿತಿ ಕೇಳಬಹುದೇ?

ಉತ್ತರ: ಇಲ್ಲಿ ಮಾತ್ರ ಒಬ್ಬರದು ಇನ್ನೊಬ್ಬರದಕ್ಕೆ ಅಡ್ಡ ಬರುತ್ತದೆ. 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಮಗ ತನ್ನ ಹೆಸರಿನಲ್ಲಿ, ಅಂಗವಿಕಲರಿಗೇ ನೇರವಾಗಿ ಸಿಗುವ 80ಯು ವಿನಾಯಿತಿ ಪಡೆದರೆ ಆ ವರ್ಷ ನಿಮಗೆ 80ಡಿಡಿ ಸಿಗುವುದಿಲ್ಲ. ಮೊತ್ತ ಎರಡರಲ್ಲೂ ಒಂದೇ: ವೈಕಲ್ಯ ಶೇ 40 ಮೇಲಿದ್ದರೆ 75,000, ಶೇ 80 ಮೇಲಿದ್ದರೆ 1.25 ಲಕ್ಷ. ಮಗನಿಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ ನೀವೇ ಪಡೆಯಿರಿ, ಮನೆಗೆ ಲಾಭ ಅದರಲ್ಲೇ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿ ಇರಬೇಕು, ಹೊಸದರಲ್ಲಿ ಈ ವಿನಾಯಿತಿ ಇಲ್ಲ. ಆಟಿಸಂಗೆ ಫಾರಂ 10-ಐಎ ಅನ್ನುವ ವೈದ್ಯರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಅವಧಿ ಬರೆದಿದ್ದರೆ ಮುಗಿಯುವ ಮೊದಲೇ ಮಗನನ್ನು ಮತ್ತೆ ತಪಾಸಣೆ ಮಾಡಿಸಿ.